ಸ್ಪಂಜಿಗೆ ಒಳಗು ಎಂಬುದು ಇದೆಯೇ? ಅನುಲೇಪಕ ಅಂಗಾಂಶದ ಹುಟ್ಟನ್ನು ತರಗತಿಯಲ್ಲಿ ವಿವರಿಸುವ ಬಗೆ

ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಅಂಗಾಂಶಗಳ ಪಾಠ ಒಂದು ಕಡೆ ಬರುತ್ತದೆ, ಪ್ರಾಣಿಗಳ ವರ್ಗೀಕರಣ ಇನ್ನೊಂದು ಕಡೆ ಬರುತ್ತದೆ. ಮೊದಲನೆಯದರಲ್ಲಿ ಅನುಲೇಪಕ ಅಂಗಾಂಶದ ಲಕ್ಷಣಗಳನ್ನು ಹೇಳಿಕೊಡುತ್ತೇವೆ. ಕೋಶಗಳು ಒತ್ತೊತ್ತಾಗಿ ಹಾಳೆಯಂತೆ ಜೋಡಣೆಯಾಗಿರುತ್ತವೆ, ನಡುವೆ ಜಾಗ ಇಲ್ಲವೆನ್ನುವಷ್ಟು ಕಡಿಮೆ, ಅಡಿಯಲ್ಲಿ ನಾರಿನ ಒಂದು ಆಧಾರ ಪೊರೆ, ಒಳಗಿಗೂ ಹೊರಗಿಗೂ ನಡುವೆ ವಸ್ತುಗಳ ವಿನಿಮಯವನ್ನು ನಿಯಂತ್ರಿಸುವ ಕೆಲಸ. ಎರಡನೆಯದರಲ್ಲಿ ಸ್ಪಂಜುಗಳ ಬಗ್ಗೆ ಒಂದು ಪ್ಯಾರಾ ಓದಿಸಿ, ‘ಇವುಗಳಿಗೆ ಅಂಗಾಂಶಗಳಿಲ್ಲ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಂದಿನ ವಂಶಕ್ಕೆ ಹೋಗುತ್ತೇವೆ. ಈ ಎರಡು ಪಾಠಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಮಕ್ಕಳಿಗೆ ಸಿಗುವುದು ಕಡಿಮೆ, ನಮ್ಮ ಪ್ರಶಿಕ್ಷಣಾರ್ಥಿಗಳಿಗೂ ಕಡಿಮೆ.

ಅವೆರಡನ್ನೂ ಜೊತೆಗಿಟ್ಟು ನೋಡಿದರೆ ಏನು ಕಾಣುತ್ತದೆ, ಅದನ್ನು ಒಂದು ಅವಧಿಯ ಪಾಠದೊಳಗೆ ಹೇಗೆ ತರಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ಬಂಗಾರಪೇಟೆ ಮತ್ತು ಕೆಜಿಎಫ್ ಸುತ್ತಲಿನ ಶಾಲೆಗಳಲ್ಲಿ ಅಭ್ಯಾಸ ಬೋಧನೆಯ ಪರಿವೀಕ್ಷಣೆ ಮಾಡುವವಳಾಗಿ ನಾನು ಕಂಡ ತರಗತಿಗಳೇ ಇದಕ್ಕೆ ಹಿನ್ನೆಲೆ.

ಪ್ರಶ್ನೆ ಎಲ್ಲಿಂದ ಬಂತು

ಬಂಗಾರಪೇಟೆಯ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸ್ಪಂಜಿನ ಚಿತ್ರ ಬರೆದು ವಿವರಿಸುತ್ತಿದ್ದರು. ಮೈತುಂಬ ಸಣ್ಣ ರಂಧ್ರಗಳು, ಅವುಗಳ ಮೂಲಕ ನೀರು ಒಳಕ್ಕೆ, ಮೇಲಿನ ದೊಡ್ಡ ಬಾಯಿಯಿಂದ ಹೊರಕ್ಕೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಮಿಸ್, ಅದರ ಒಳಗೂ ನೀರು, ಹೊರಗೂ ನೀರು. ಹಂಗಾದ್ರೆ ಅದಕ್ಕೆ ಒಳಗು ಅಂತ ಇದೆಯಾ?”

ಪ್ರಶಿಕ್ಷಣಾರ್ಥಿ ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ನಾಳೆ ಇದರಿಂದಲೇ ಶುರು ಮಾಡೋಣ ಎಂದರು. ಅದು ಒಳ್ಳೆಯ ನಿರ್ಧಾರ. ಪಾಠದ ನಂತರದ ಚರ್ಚೆಯಲ್ಲಿ ನಾವು ಆ ಪ್ರಶ್ನೆಯನ್ನೇ ಹಿಡಿದು ಕುಳಿತೆವು. ಏಕೆಂದರೆ ಅನುಲೇಪಕ ಅಂಗಾಂಶ ಇರುವುದೇ ಒಂದು ‘ಒಳಗು’ ಮಾಡುವುದಕ್ಕೆ. ಸ್ಪಂಜಿಗೆ ಒಳಗು ಇದ್ದರೆ ಅದನ್ನು ಮಾಡಿದವರು ಯಾರು ಎಂದು ಕೇಳಬೇಕಾಗುತ್ತದೆ. ಒಳಗು ಇಲ್ಲದಿದ್ದರೆ ಅದು ಹೇಗೆ ಪ್ರಾಣಿಯಾಗಿ ಬದುಕುತ್ತದೆ ಎಂದು ಕೇಳಬೇಕಾಗುತ್ತದೆ.

ಒಳಗು ಯಾವುದು, ಹೊರಗು ಯಾವುದು

ಇಲ್ಲಿ ಮೊದಲು ಒಂದು ಗೊಂದಲ ಬಿಡಿಸಬೇಕು. ಉದ್ದಿನ ವಡೆಯ ನಡುವೆ ಒಂದು ತೂತು ಇರುತ್ತದೆ. ಆ ತೂತು ವಡೆಯ ಒಳಗೋ ಹೊರಗೋ? ಮಕ್ಕಳನ್ನು ಕೇಳಿ ನೋಡಿ. ಮೊದಲು ‘ಒಳಗೆ’ ಎನ್ನುತ್ತಾರೆ. ತೂತಿನೊಳಗೆ ಬೆರಳು ತೂರಿಸಿದರೆ ಬೆರಳಿಗೆ ಹಿಟ್ಟು ಹತ್ತುತ್ತದೆಯೇ, ಇಲ್ಲ ಗರಿಗರಿಯಾದ ಮೇಲ್ಮೈ ತಾಗುತ್ತದೆಯೇ ಎಂದು ಕೇಳಿದರೆ ಸ್ವಲ್ಪ ಯೋಚಿಸಿ ‘ಹೊರಗೆ’ ಎನ್ನುತ್ತಾರೆ. ವಡೆಯ ನಿಜವಾದ ಒಳಗು ಎಂದರೆ ಕರಿದ ಹೊರಪದರದ ಕೆಳಗಿನ ಮೆತ್ತನೆಯ ಭಾಗ.

ಸ್ಪಂಜೂ ಹಾಗೆಯೇ. ಅದರ ನಾಳಗಳಲ್ಲಿ ಹರಿಯುವ ನೀರು ಸ್ಪಂಜಿನ ಒಳಗಿನದಲ್ಲ, ಕೆರೆಯ ಅಥವಾ ಕಡಲಿನ ನೀರೇ ಅದರ ಮೂಲಕ ಹಾದುಹೋಗುತ್ತಿದೆ. ನಮ್ಮ ಅನ್ನನಾಳದಿಂದ ಗುದದ್ವಾರದವರೆಗಿನ ಟೊಳ್ಳು ಕೂಡ ಈ ಅರ್ಥದಲ್ಲಿ ಹೊರಗೇ. ತಿಂದ ಅನ್ನ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿದಾಗ ಮಾತ್ರ ಅದು ನಮ್ಮ ಒಳಗೆ ಬಂದಂತೆ. ಸ್ಪಂಜಿನ ನಿಜವಾದ ಒಳಗು ಎಂದರೆ ಎರಡು ಪದರಗಳ ನಡುವೆ ಇರುವ ಲೋಳೆಯಂಥ ಭಾಗ. ಇದಕ್ಕೆ ಮೀಸೋಹೈಲ್ ಎಂದು ಹೆಸರು. ಅದರಲ್ಲಿ ಅಡ್ಡಾಡುವ ಕೋಶಗಳಿವೆ, ಕೊಲಾಜನ್ ನಾರುಗಳಿವೆ, ಬಹಳಷ್ಟು ಸ್ಪಂಜುಗಳಲ್ಲಿ ಸಿಲಿಕದ ಅಥವಾ ಸುಣ್ಣದ ಸೂಜಿಯಂಥ ಮುಳ್ಳುಗಳಿವೆ.

ಈ ಲೋಳೆಯನ್ನು ಎರಡು ಬಗೆಯ ಕೋಶಗಳು ಮುಚ್ಚಿಕೊಂಡಿವೆ. ಹೊರಮೈಯನ್ನೂ ನಾಳಗಳ ಗೋಡೆಯನ್ನೂ ಮುಚ್ಚುವ ಚಪ್ಪಟೆ ಕೋಶಗಳಿಗೆ ಪಿನಾಕೋಸೈಟ್ ಎನ್ನುತ್ತಾರೆ. ನಾಳಗಳ ನಡುವಿನ ಪುಟ್ಟ ಕೋಣೆಗಳನ್ನು ಕಾಲರ್ ಕೋಶಗಳು ಆವರಿಸಿವೆ. ಇವುಗಳ ತಲೆಯ ಮೇಲೆ ಒಂದು ಕಶಾಂಗ, ಅದರ ಸುತ್ತ ಅಂಗಿಯ ಕಾಲರಿನಂಥ ಸಣ್ಣ ಎಳೆಗಳ ಸಾಲು. ಕಶಾಂಗ ಬಡಿಯುವುದರಿಂದ ನೀರು ಹರಿಯುತ್ತದೆ, ಕಾಲರ್ ಆಹಾರದ ಕಣಗಳನ್ನು ಹಿಡಿಯುತ್ತದೆ. ಸ್ಪಂಜಿನ ಮೇಲಿನ ಬಾಯಿಯಿಂದ ನೀರು ಒಂದೇ ಸಮನೆ ಹೊರಬರುವುದನ್ನು 1825ರ ಸುಮಾರಿಗೆ ಎಡಿನ್‌ಬರೋದ ರಾಬರ್ಟ್ ಗ್ರಾಂಟ್ ಗಮನಿಸಿ ಬರೆದರು. ಅಲ್ಲಿಯವರೆಗೆ ಸ್ಪಂಜು ಸಸ್ಯವೋ ಪ್ರಾಣಿಯೋ ಎಂಬ ವಾದವೇ ಮುಗಿದಿರಲಿಲ್ಲ.

ಗಣಿಯ ಗಾಳಿ, ಸ್ಪಂಜಿನ ನೀರು

ಕೆಜಿಎಫ್ ಮಕ್ಕಳಿಗೆ ಈ ಪಾಠ ಹೇಳುವಾಗ ಗಣಿಯ ಹೋಲಿಕೆ ಚೆನ್ನಾಗಿ ಒದಗುತ್ತದೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ. ಅಲ್ಲಿ ಕೆಲಸಗಾರ ಉಸಿರಾಡಬೇಕಾದರೆ ಗಾಳಿ ಒಂದು ಕಡೆಯಿಂದ ಇಳಿದು, ಕೆಲಸ ನಡೆಯುವ ಜಾಗವನ್ನು ಹಾದು, ಇನ್ನೊಂದು ಕಡೆಯಿಂದ ಮೇಲೆ ಬರಬೇಕು. ಗಾಳಿಯನ್ನು ತಳ್ಳುವುದಕ್ಕೆ ಫ್ಯಾನುಗಳು ಬೇಕು. ಫ್ಯಾನು ಇದ್ದರಷ್ಟೇ ಸಾಲದು. ನಡುವಿನ ಅಡ್ಡದಾರಿಗಳನ್ನು ಗೋಡೆ ಕಟ್ಟಿಯೋ ಬಾಗಿಲು ಹಾಕಿಯೋ ಮುಚ್ಚದಿದ್ದರೆ ಗಾಳಿ ಹತ್ತಿರದ ದಾರಿ ಹಿಡಿದು ಹಿಂತಿರುಗುತ್ತದೆ, ಆಳದಲ್ಲಿರುವವನಿಗೆ ತಲುಪುವುದೇ ಇಲ್ಲ.

ಸ್ಪಂಜಿನಲ್ಲಿ ಕಾಲರ್ ಕೋಶಗಳು ಫ್ಯಾನು, ಪಿನಾಕೋಸೈಟ್‌ಗಳು ಗೋಡೆ ಮತ್ತು ಬಾಗಿಲು. ಗೋಡೆ ಸೋರುವಂತಿದ್ದರೆ ನೀರು ನಾಳ ಹಿಡಿದು ಹರಿಯದೆ ಎಲ್ಲೆಂದರಲ್ಲಿ ಹಿಂಗಿ ಹೋಗುತ್ತದೆ, ಪಂಪು ಕೆಲಸಕ್ಕೆ ಬರುವುದಿಲ್ಲ. ಹೀಗೆ ಹೇಳಿದಾಗ ‘ಒಂದು ಪದರ ಕೋಶ ಇದೆ’ ಎಂಬ ಮಾತು ‘ಆ ಪದರ ಸೋರಬಾರದು’ ಎಂಬ ಅಗತ್ಯವಾಗಿ ಮಕ್ಕಳಿಗೆ ಅರ್ಥವಾಗುತ್ತದೆ.

ಹೋಲಿಕೆಯ ಮಿತಿಯನ್ನೂ ಅದೇ ಪಾಠದಲ್ಲಿ ಹೇಳಿಬಿಡಬೇಕು. ಗಣಿಯ ಗೋಡೆ ಒಮ್ಮೆ ಕಟ್ಟಿದರೆ ಹಾಗೇ ಇರುತ್ತದೆ. ಸ್ಪಂಜಿನ ಗೋಡೆಯ ಕೋಶಗಳು ಜೀವಂತ. ಅವು ಸರಿಯುತ್ತವೆ, ಕುಗ್ಗುತ್ತವೆ, ಕೆಲವೊಮ್ಮೆ ಗೋಡೆಯ ಕೆಲಸ ಬಿಟ್ಟು ಒಳಗಿನ ಲೋಳೆಗೆ ಇಳಿದು ಬೇರೆ ಕೆಲಸಕ್ಕೆ ತೊಡಗುತ್ತವೆ.

ನಾಲ್ಕು ಲಕ್ಷಣಗಳನ್ನು ಒಂದೊಂದಾಗಿ ನೋಡೋಣ

ಅನುಲೇಪಕ ಅಂಗಾಂಶದ ಲಕ್ಷಣಗಳು ಎಂದು ಪಠ್ಯಪುಸ್ತಕ ಕೊಡುವ ಪಟ್ಟಿಯನ್ನೇ ತೆಗೆದುಕೊಂಡು ಸ್ಪಂಜನ್ನು ಪರೀಕ್ಷಿಸಬಹುದು. ಇದಕ್ಕೆ ಹೊಸ ಪಠ್ಯವೇನೂ ಬೇಡ.

ಮೊದಲನೆಯದು, ಕೋಶಗಳು ಹಾಳೆಯಂತೆ ಜೋಡಣೆಯಾಗಿವೆಯೇ? ಹೌದು. ಪಿನಾಕೋಸೈಟ್‌ಗಳು ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳ ಹಾಗೆ ಅಂಚಿಗೆ ಅಂಚು ಸೇರಿಕೊಂಡಿವೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಎಲ್ಲ ಸ್ಪಂಜುಗಳೂ ಒಂದೇ ರೀತಿ ಅಲ್ಲ. ಆಳಸಮುದ್ರದ ಗಾಜಿನ ಸ್ಪಂಜುಗಳಲ್ಲಿ ಮೈಯ ಹೆಚ್ಚಿನ ಭಾಗ ಬೇರೆ ಬೇರೆ ಕೋಶಗಳಾಗಿ ಒಡೆಯದೆ, ಹಲವು ಕೋಶಕೇಂದ್ರಗಳಿರುವ ಒಂದೇ ಜಾಲವಾಗಿ ಹಬ್ಬಿಕೊಂಡಿರುತ್ತದೆ.

ಎರಡನೆಯದು, ಕೋಶಗಳು ಒಂದಕ್ಕೊಂದು ಬಂಧಿಸಿಕೊಂಡಿವೆಯೇ? 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಒಂದು ಸ್ಪಂಜನ್ನು ನವಿರಾದ ರೇಷ್ಮೆ ಬಟ್ಟೆಯ ಮೂಲಕ ಹಿಂಡಿ, ಕೋಶಗಳನ್ನು ಬಿಡಿಬಿಡಿಯಾಗಿಸಿ ನೀರಿನಲ್ಲಿ ಬಿಟ್ಟರು. ಆ ಕೋಶಗಳು ತಾವಾಗಿಯೇ ಮತ್ತೆ ಒಂದನ್ನೊಂದು ಹಿಡಿದುಕೊಂಡು ಗುಂಪುಗೂಡಿ ಹೊಸ ಸ್ಪಂಜುಗಳಾದವು. ಇದನ್ನು ನಾವು ‘ಸ್ಪಂಜಿನ ಕೋಶಗಳು ಎಷ್ಟು ಸ್ವತಂತ್ರ’ ಎಂಬುದಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದೇ ಪ್ರಯೋಗ ಅವುಗಳಿಗೆ ಪರಸ್ಪರ ಗುರುತಿಸಿ ಅಂಟಿಕೊಳ್ಳುವ ವ್ಯವಸ್ಥೆ ಇದೆ ಎಂದೂ ತೋರಿಸುತ್ತದೆ. 2010ರಲ್ಲಿ ಆಸ್ಟ್ರೇಲಿಯದ ಕಡಲಿನ ಆಂಫಿಮೆಡಾನ್ ಎಂಬ ಸ್ಪಂಜಿನ ಪೂರ್ಣ ಜೀನೋಮ್ ಪ್ರಕಟವಾಯಿತು. ನಮ್ಮ ಚರ್ಮದ ಕೋಶಗಳು ಒಂದಕ್ಕೊಂದು ಕೈಹಿಡಿದು ನಿಲ್ಲಲು ಬಳಸುವ ಕ್ಯಾಡ್ಹೆರಿನ್, ಕೆಟೆನಿನ್ ಮೊದಲಾದ ಪ್ರೋಟೀನುಗಳ ಜೀನುಗಳು ಅದರಲ್ಲೂ ಇದ್ದವು. ಜೀನು ಇದ್ದಮಾತ್ರಕ್ಕೆ ಕೆಲಸವೂ ಅದೇ ಎಂದು ಹೇಳಲಾಗದು. ಅದಕ್ಕಾಗಿ 2018ರಲ್ಲಿ ಎಫಿಡೇಶಿಯ ಎಂಬ ಸಿಹಿನೀರಿನ ಸ್ಪಂಜಿನಲ್ಲಿ ಹುಡುಕಿದಾಗ, ಕೋಶಗಳು ಪರಸ್ಪರ ತಾಗುವ ಜಾಗದಲ್ಲೇ ಬೀಟಾ-ಕೆಟೆನಿನ್ ಸಿಕ್ಕಿತು. ನಮ್ಮ ಮೈಯಲ್ಲಿ ಅದು ಇರುವ ಜಾಗಗಳಲ್ಲಿ ಇದೂ ಒಂದು.

ಮೂರನೆಯದು, ಆ ಹಾಳೆ ಸೋರದಂತೆ ತಡೆಯುತ್ತದೆಯೇ? ಸ್ಪಂಜಿನ ಪದರದಲ್ಲಿ ಬಿಗಿಯಾದ ಸಂದುಗಳಿಲ್ಲ, ಆದ್ದರಿಂದ ಅದು ಸೋರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2010ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಸ್ಯಾಲಿ ಲೇಸ್ ಮತ್ತು ಅವರ ಸಂಗಡಿಗರು ಇದನ್ನು ಅಳೆದೇ ನೋಡಿದರು. ಸ್ಪಂಜಿಲ್ಲ ಎಂಬ ಸಿಹಿನೀರಿನ ಸ್ಪಂಜಿನ ಪದರದ ಎರಡು ಬದಿಗಳ ನಡುವೆ ವಿದ್ಯುತ್ ರೋಧವನ್ನೂ ವಿಭವಾಂತರವನ್ನೂ ಅಳತೆ ಮಾಡಿದರು. ಸೋರುವ ಪದರವಾಗಿದ್ದರೆ ಅಯಾನುಗಳು ಸಲೀಸಾಗಿ ದಾಟಿ, ರೋಧವೂ ಇರುತ್ತಿರಲಿಲ್ಲ, ವಿಭವಾಂತರವೂ ನಿಲ್ಲುತ್ತಿರಲಿಲ್ಲ. ರೋಧ ಹೆಚ್ಚಾಗಿಯೇ ಕಂಡಿತು. ಅಂದರೆ ಪದರ ಅಯಾನುಗಳನ್ನು ತಡೆಯುತ್ತಿತ್ತು. ನಮ್ಮ ಭೌತಶಾಸ್ತ್ರದ ವಿದ್ಯುತ್ ಪಾಠವನ್ನು ಜೀವಶಾಸ್ತ್ರಕ್ಕೆ ಜೋಡಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಆ ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಸ್ಪಂಜಿಗೆ ಒಳಗು ಇದೆ. ಆ ಒಳಗಿನ ಲೋಳೆಯ ರಾಸಾಯನಿಕ ಸ್ಥಿತಿ ಹೊರಗಿನ ನೀರಿನ ಸ್ಥಿತಿಗಿಂತ ಬೇರೆಯಾಗಿ ಉಳಿಯುವಂತೆ ಆ ಒಂದು ಪದರ ಕಾಯುತ್ತದೆ.

ನಾಲ್ಕನೆಯದು, ಅಡಿಯಲ್ಲಿ ಆಧಾರ ಪೊರೆ ಇದೆಯೇ? ಇಲ್ಲಿ ಉತ್ತರ ಒಂದೇ ಅಲ್ಲ. ಬಹುಪಾಲು ಸ್ಪಂಜುಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಸ್ಪಷ್ಟವಾದ ಆಧಾರ ಪೊರೆ ಕಾಣುವುದಿಲ್ಲ. ಹೋಮೋಸ್ಕ್ಲೆರೊಮಾರ್ಫ ಎಂಬ ಸಣ್ಣ ಗುಂಪಿನಲ್ಲಿ ಮಾತ್ರ ಕಾಣುತ್ತದೆ. ನಮ್ಮ ಆಧಾರ ಪೊರೆಯ ಮುಖ್ಯ ಘಟಕವಾದ ನಾಲ್ಕನೆಯ ಬಗೆಯ ಕೊಲಾಜನ್ ಈ ಗುಂಪಿನಲ್ಲಿ ಇದೆಯೆಂದು 1996ರಲ್ಲಿ ತೋರಿಸಲಾಯಿತು.

ಲೆಕ್ಕ ಹಾಕಿದರೆ ಮೊದಲ ಮೂರಕ್ಕೆ ಹೌದು, ನಾಲ್ಕನೆಯದಕ್ಕೆ ಕೆಲವರಲ್ಲಿ ಹೌದು, ಬಹಳಷ್ಟರಲ್ಲಿ ಇಲ್ಲ.

ಸ್ಪಂಜಿಗೂ ಹಿಂದೆ ಏನಿತ್ತು

ಅಂಟಿಕೊಳ್ಳುವ ಪ್ರೋಟೀನುಗಳು ಸ್ಪಂಜಿನಲ್ಲಿ ಒಮ್ಮೆಲೇ ಹುಟ್ಟಿದವೇ ಎಂದು ಕೇಳಿದರೆ ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ. ಕೆರೆ, ಕಡಲುಗಳಲ್ಲಿ ಕೋಯನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳಿವೆ. ಇವುಗಳ ಆಕಾರ ಸ್ಪಂಜಿನ ಕಾಲರ್ ಕೋಶವನ್ನೇ ಹೋಲುತ್ತದೆ. 1860ರ ದಶಕದಲ್ಲೇ ಹೆನ್ರಿ ಜೇಮ್ಸ್-ಕ್ಲಾರ್ಕ್ ಈ ಹೋಲಿಕೆಯನ್ನು ಎತ್ತಿ ತೋರಿಸಿದ್ದರು. 2008ರಲ್ಲಿ ಮೋನೋಸೈಗ ಎಂಬ ಕೋಯನೋಫ್ಲಾಜೆಲೇಟಿನ ಜೀನೋಮ್ ಓದಿದಾಗ, ಒಂಟಿಯಾಗಿ ಬದುಕುವ ಆ ಕೋಶದಲ್ಲೂ ಕ್ಯಾಡ್ಹೆರಿನ್ ಜೀನುಗಳಿದ್ದವು. ಪಕ್ಕದಲ್ಲಿ ಇನ್ನೊಂದು ಕೋಶವೇ ಇಲ್ಲದವನಿಗೆ ಕೈಹಿಡಿಯುವ ಪ್ರೋಟೀನು ಏಕೆ? ಆಹಾರವಾದ ಬ್ಯಾಕ್ಟೀರಿಯವನ್ನು ಹಿಡಿಯಲು, ಸುತ್ತಲಿನದನ್ನು ಗುರುತಿಸಲು ಅದು ಬಳಕೆಯಾಗುತ್ತಿರಬಹುದು ಎಂಬ ಊಹೆ ಇದೆ. ಹಳೆಯ ಉಪಕರಣ ಹೊಸ ಕೆಲಸಕ್ಕೆ ಒದಗಿದ್ದಕ್ಕೆ ಇದು ಉದಾಹರಣೆ.

ಪ್ರಾಣಿಗಳಿಂದ ಇನ್ನೂ ದೂರದ ಸಂಬಂಧಿ ಡಿಕ್ಟಿಯೋಸ್ಟೀಲಿಯಮ್ ಎಂಬ ಮಣ್ಣಿನ ಲೋಳೆ ಬೂಷ್ಟು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ದೀರ್ಘಕಾಲ ಅಭ್ಯಾಸ ಮಾಡಿದ ಜೀವಿ ಇದು. ಆಹಾರ ಇರುವಾಗ ಇದರ ಕೋಶಗಳು ಬಿಡಿಬಿಡಿಯಾಗಿ ಬದುಕುತ್ತವೆ, ಆಹಾರ ಮುಗಿದಾಗ ಸಾವಿರಾರು ಕೋಶಗಳು ಒಟ್ಟುಗೂಡಿ ಒಂದು ತೊಟ್ಟನ್ನೂ ಅದರ ತುದಿಯಲ್ಲಿ ಬೀಜಾಣುಗಳ ಗುಂಡನ್ನೂ ಕಟ್ಟುತ್ತವೆ. ಆ ತೊಟ್ಟು ಬೆಳೆಯುವಾಗ ತುದಿಯ ಕೋಶಗಳು ಅನುಲೇಪಕದಂತೆಯೇ ಅಚ್ಚುಕಟ್ಟಾಗಿ ಸಾಲುಗಟ್ಟುತ್ತವೆ, ಅದಕ್ಕೆ ಕೆಟೆನಿನ್ ಬಗೆಯ ಪ್ರೋಟೀನುಗಳು ಬೇಕೇ ಬೇಕು ಎಂದು 2011ರಲ್ಲಿ ಗೊತ್ತಾಯಿತು. ಆದರೆ ಇದರಲ್ಲಿ ಕ್ಯಾಡ್ಹೆರಿನ್ ಇಲ್ಲ.

ಇದರಿಂದ ಅನುಲೇಪಕ ಅಂಗಾಂಶ ಒಂದೇ ದಿನ ಪೂರ್ತಿಯಾಗಿ ಹುಟ್ಟಿದ್ದಲ್ಲ ಎಂದು ತಿಳಿಯುತ್ತದೆ. ಮನೆ ಕಟ್ಟುವಾಗ ಕಲ್ಲು ಒಂದು ಕಡೆಯಿಂದ, ಮರಳು ಇನ್ನೊಂದು ಕಡೆಯಿಂದ, ಹಳೆಯ ಮನೆಯ ಬಾಗಿಲು ಮತ್ತೊಂದು ಕಡೆಯಿಂದ ಬರುವ ಹಾಗೆ ಅದರ ಭಾಗಗಳು ಬೇರೆ ಬೇರೆ ಕಾಲದಲ್ಲಿ ಒದಗಿ ಬಂದಿವೆ.

ಎಲ್ಲ ಪ್ರಾಣಿಗಳ ವಂಶವೃಕ್ಷದಲ್ಲಿ ಮೊದಲು ಬೇರೆಯಾದ ಕೊಂಬೆ ಸ್ಪಂಜಿನದೋ ಬಾಚಣಿಗೆ ಲೋಳೆಮೀನು ಎಂದು ಕರೆಯಬಹುದಾದ ಟೀನೊಫೋರ್‌ಗಳದೋ ಎಂಬ ಚರ್ಚೆ ಇನ್ನೂ ನಡೆದಿದೆ. ವರ್ಣತಂತುಗಳ ಮೇಲೆ ಜೀನುಗಳು ಜೊತೆಗೂಡಿರುವ ಕ್ರಮವನ್ನು ಹೋಲಿಸಿದ 2023ರ ಒಂದು ಅಧ್ಯಯನ ಟೀನೊಫೋರ್‌ಗಳೇ ಮೊದಲು ಎಂಬುದರ ಪರವಾಗಿದೆ. ಟೀನೊಫೋರ್‌ಗಳಿಗೆ ಸ್ಪಷ್ಟವಾದ ಅನುಲೇಪಕ ಅಂಗಾಂಶವಿದೆ. ಆ ಅಧ್ಯಯನ ನಿಜವಾದರೆ, ಎಲ್ಲ ಪ್ರಾಣಿಗಳ ಪೂರ್ವಜನಲ್ಲೇ ಅನುಲೇಪಕದ ಮೂಲರೂಪ ಇತ್ತು, ಸ್ಪಂಜುಗಳು ಅದರಲ್ಲಿ ಸ್ವಲ್ಪವನ್ನು ಸಡಿಲಿಸಿಕೊಂಡವು ಎಂದು ಯೋಚಿಸಲು ಕಾರಣ ಸಿಗುತ್ತದೆ. ‘ಸರಳವಾದದ್ದು ಎಂದರೆ ಹಳೆಯದು’ ಎಂಬ ಸೂತ್ರವನ್ನು ತರಗತಿಯಲ್ಲಿ ಕಣ್ಣುಮುಚ್ಚಿ ಹೇಳಬಾರದು ಎಂಬುದಕ್ಕೆ ಇದು ಕಾರಣ.

ಹಾಗಾದರೆ ‘ಅಂಗಾಂಶವಿಲ್ಲ’ ಎನ್ನುವುದೇಕೆ

ಇಷ್ಟೆಲ್ಲ ಹೇಳಿದ ಮೇಲೆ ಪಠ್ಯಪುಸ್ತಕ ತಪ್ಪು ಎಂದು ಮಕ್ಕಳಿಗೆ ಹೇಳಬೇಕೇ? ಬೇಡ. ಮೊದಲು ಪುಸ್ತಕವನ್ನು ಸರಿಯಾಗಿ ಓದಬೇಕು. ಪ್ರೌಢಶಾಲೆಯ ಪಠ್ಯ ಸ್ಪಂಜುಗಳಲ್ಲಿ ಅಂಗಾಂಶಗಳಾಗಿ ವಿಭಜನೆ ತೀರ ಕಡಿಮೆ ಎಂಬರ್ಥದಲ್ಲಿ ಬರೆದಿದೆ. ಪಿಯು ಹಂತದಲ್ಲಿ ‘ಕೋಶಮಟ್ಟದ ಸಂಘಟನೆ’ ಎಂಬ ಮಾತು ಬರುತ್ತದೆ. ‘ಇಲ್ಲವೇ ಇಲ್ಲ’ ಎಂಬ ಖಂಡಿತವಾದ ಸಾಲು ನಮ್ಮ ಟಿಪ್ಪಣಿಗಳಿಂದ, ಗೈಡುಗಳಿಂದ ಬಂದದ್ದೇ ಹೆಚ್ಚು.

ಆ ಮಾತಿಗೂ ಒಂದು ಆಧಾರವಿದೆ. ಅಂಗಾಂಶ ಎಂದರೆ ಒಂದು ಕೆಲಸಕ್ಕೆ ಮೀಸಲಾದ, ಆ ಕೆಲಸದಲ್ಲೇ ಉಳಿಯುವ ಕೋಶಗಳ ಗುಂಪು ಎಂಬ ಅರ್ಥವೂ ಇದೆ. ಸ್ಪಂಜಿನ ಕೋಶಗಳು ಹಾಗಿಲ್ಲ. ಆಂಫಿಮೆಡಾನ್ ಮರಿಯ ಹೊರಪದರದ ಕೋಶಗಳಿಗೆ ಗುರುತು ಹಚ್ಚಿ 2014ರಲ್ಲಿ ಹಿಂಬಾಲಿಸಿದಾಗ, ಅವು ದೊಡ್ಡ ಸ್ಪಂಜಿನಲ್ಲಿ ಹೊರಪದರವಾಗಿಯೇ ಉಳಿಯದೆ ಬೇರೆ ಬೇರೆ ಬಗೆಯ ಕೋಶಗಳಾದವು. ಕಾಲರ್ ಕೋಶವೂ ಬೇರೆ ಕೋಶವಾಗಬಲ್ಲದು ಎಂದು 2019ರ ಇನ್ನೊಂದು ಅಧ್ಯಯನ ತೋರಿಸಿತು. ನಮ್ಮಲ್ಲಿ ಭ್ರೂಣದ ಹೊರಪದರ, ಒಳಪದರಗಳ ಪಾಲು ಬಹುಮಟ್ಟಿಗೆ ಮೊದಲೇ ನಿಗದಿಯಾಗುತ್ತದೆ. ಸ್ಪಂಜಿನಲ್ಲಿ ಆ ನಿಗದಿ ಇಲ್ಲ.

ಆದ್ದರಿಂದ ಉತ್ತರ ‘ಅಂಗಾಂಶ’ ಎಂಬ ಪದಕ್ಕೆ ನಾವು ಕೊಡುವ ಅರ್ಥವನ್ನು ಅವಲಂಬಿಸಿದೆ. ಪದರ ಕಟ್ಟಿ, ಸೋರದಂತೆ ಒಳಗನ್ನು ಕಾಯುವುದು ಅಂಗಾಂಶ ಎಂದರೆ ಸ್ಪಂಜಿಗೆ ಅದಿದೆ. ಒಂದೇ ಕೆಲಸಕ್ಕೆ ಬದ್ಧವಾದ, ಆಧಾರ ಪೊರೆಯ ಮೇಲೆ ನಿಂತ ಕೋಶಗಳ ಗುಂಪು ಎಂದರೆ ಬಹುಪಾಲು ಸ್ಪಂಜುಗಳಿಗೆ ಅದಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ‘ಸ್ಪಂಜುಗಳಲ್ಲಿ ಅಂಗಾಂಶಗಳ ವಿಭಜನೆ ಬಹಳ ಕಡಿಮೆ, ಅವು ಕೋಶಮಟ್ಟದ ಸಂಘಟನೆ ಹೊಂದಿವೆ’ ಎಂದೇ ಬರೆಯಲಿ. ಆದರೆ ಏಕೆ ಎಂದು ಕೇಳಿದರೆ ಹೇಳಬಲ್ಲ ಮಗುವಾಗಿರಲಿ.

ಕೆಜಿಎಫ್ ಮಕ್ಕಳಿಗೆ ಇದು ಏಕೆ ಬೇಕು

ಅನುಲೇಪಕ ಅಂಗಾಂಶವೆಂಬ ಪದ ನಮ್ಮ ಮಕ್ಕಳಿಗೆ ಬಹಳ ದೂರದ್ದು. ಕೆಜಿಎಫ್ ತರಗತಿಗಳಲ್ಲಿ ಮನೆಯ ಮಾತು ತಮಿಳೋ ತೆಲುಗೋ ಆಗಿರುವ ಮಕ್ಕಳೇ ಹೆಚ್ಚಿರುವುದುಂಟು. ಅವರಿಗೆ ‘ತೊಗಲು’ ಎಂಬಲ್ಲಿಂದ ಆರಂಭಿಸಿ. ತಮಿಳಿನ ತೋಲ್, ತೆಲುಗಿನ ತೋಲು, ಕನ್ನಡದ ತೊಗಲು ಒಂದೇ ಬೇರಿನವು. ಮೂರು ಭಾಷೆಯ ಮಕ್ಕಳಿಗೂ ಒಮ್ಮೆಲೇ ಅರ್ಥವಾಗುತ್ತದೆ. ಮೈಯ ತೊಗಲು ಹೊರಗೆ ಕಾಣುತ್ತದೆ, ಬಾಯಿ, ಕರುಳು, ಶ್ವಾಸಕೋಶಗಳಿಗೂ ಒಳಗೊಂದು ತೆಳು ತೊಗಲಿದೆ, ಅದೇ ಅನುಲೇಪಕ ಎಂದು ಮುಂದುವರಿಯಬಹುದು.

ಶ್ವಾಸಕೋಶದ ಮಾತು ಬಂದಾಗ ಇಲ್ಲಿನ ಮನೆಗಳ ಚರಿತ್ರೆಯೂ ಬರುತ್ತದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಈಗಿನ ಮಕ್ಕಳು ಗಣಿಯನ್ನು ನೋಡಿಲ್ಲ, ಆದರೆ ತಾತನ ಕೆಮ್ಮನ್ನು ಕೇಳಿದವರಿದ್ದಾರೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲಿಗೆ ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ. ಬಂಡೆ ಕೊರೆಯುವಾಗ ಏಳುವ ಸಿಲಿಕದ ಅತಿಸಣ್ಣ ಕಣಗಳು ಮೂಗು, ಗಂಟಲುಗಳ ತಡೆಗಳನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳಿಗೆ ತಲುಪುತ್ತವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಒಂದೇ ಪದರದ ಚಪ್ಪಟೆ ಅನುಲೇಪಕ, ಅದರ ಆಧಾರ ಪೊರೆ, ರಕ್ತನಾಳದ ತೆಳು ಗೋಡೆ, ಅಷ್ಟೇ. ಕಣಗಳನ್ನು ನುಂಗಿದ ರಕ್ಷಕ ಕೋಶಗಳು ಅವುಗಳನ್ನು ಕರಗಿಸಲಾಗದೆ ಸಾಯುತ್ತವೆ, ಮತ್ತೆ ಬೇರೆ ಕೋಶಗಳು ನುಂಗುತ್ತವೆ. ಈ ಉರಿಯೂತ ವರ್ಷಗಟ್ಟಲೆ ನಡೆದು ಮೃದುವಾಗಿದ್ದ ಜಾಗದಲ್ಲಿ ಗಟ್ಟಿ ನಾರು ಬೆಳೆಯುತ್ತದೆ. ಆಮ್ಲಜನಕ ದಾಟಬೇಕಾದ ತೆಳು ಗೋಡೆ ದಪ್ಪವಾಗುತ್ತದೆ, ಉಸಿರು ಸಾಲದಾಗುತ್ತದೆ.

ಸ್ಪಂಜು ಕೂಡ ಸಿಲಿಕವನ್ನು ಮೈಯೊಳಗೆ ಇಟ್ಟುಕೊಳ್ಳುತ್ತದೆ. ಆದರೆ ಅದು ನೀರಿನಲ್ಲಿ ಕರಗಿದ ಸಿಲಿಕವನ್ನು ಹೀರಿ, ತನ್ನದೇ ಕೋಶಗಳಲ್ಲಿ ಗಾಜಿನಂಥ ಮುಳ್ಳಾಗಿ ಕಟ್ಟಿಕೊಳ್ಳುತ್ತದೆ. ಗಣಿಯ ದೂಳಿನಲ್ಲಿರುವುದು ಒಡೆದ ಬಂಡೆಯ ಹರಳು ಸಿಲಿಕ, ಅದೂ ಆಹ್ವಾನವಿಲ್ಲದೆ ಬಂದದ್ದು. ಒಂದೇ ವಸ್ತು ಒಂದು ಕಡೆ ಎಲುಬಿನಂತೆ ಆಧಾರ, ಇನ್ನೊಂದು ಕಡೆ ರೋಗ. ಈ ಭಾಗವನ್ನು ಹೇಳುವಾಗ ಯಾರ ಮನೆಯಲ್ಲಿ ಈ ಕಾಯಿಲೆ ಇದೆ ಎಂದು ಕೇಳಬೇಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಪಾಠ ಯೋಜನೆಗೆ ಸೂಚನೆಗಳು

ಪೂರ್ವಜ್ಞಾನವನ್ನು ಪರೀಕ್ಷಿಸಲು ಮೂರು ವಸ್ತುಗಳನ್ನು ಮೇಜಿನ ಮೇಲಿಡಿ: ಪಾತ್ರೆ ತಿಕ್ಕುವ ಅಂಗಡಿಯ ಸ್ಪಂಜು, ಒಣಗಿದ ತುಪ್ಪದ ಹೀರೆಯ ನಾರು, ಸ್ಪಂಜು ಪ್ರಾಣಿಯ ಒಂದು ಚಿತ್ರ. ಯಾವುದು ಪ್ರಾಣಿ, ಯಾವುದು ಸಸ್ಯ, ಯಾವುದು ಕಾರ್ಖಾನೆಯದು ಎಂದು ಮಕ್ಕಳೇ ಬೇರ್ಪಡಿಸಲಿ. ಮೂರಕ್ಕೂ ತೂತುಗಳಿವೆ. ಜೀವಂತ ಸ್ಪಂಜಿನ ತೂತಿಗೆ ಮಾತ್ರ ಕೋಶಗಳ ಗೋಡೆಯಿದೆ, ಅದು ನೀರನ್ನು ತಾನೇ ಹರಿಸುತ್ತದೆ ಎಂಬುದು ಇಲ್ಲಿ ಹೊರಬರಬೇಕಾದ ಅಂಶ.

ಕೆನ್ನೆಯ ಒಳಭಾಗವನ್ನು ಸ್ವಚ್ಛವಾದ ಕಡ್ಡಿಯಿಂದ ಮೆಲ್ಲಗೆ ಕೆರೆದು, ಮೆಥಿಲೀನ್ ಬ್ಲೂ ಹಾಕಿ ನೋಡುವ ಪ್ರಯೋಗ ಹೇಗೂ ಮಾಡಿಸುತ್ತೇವೆ. ಅಲ್ಲಿ ಕೋಶಗಳು ಬಿಡಿಬಿಡಿಯಾಗಿ ಕಾಣುತ್ತವೆ. ‘ಬಾಯೊಳಗೆ ಹಾಳೆಯಾಗಿದ್ದದ್ದು ಇಲ್ಲಿ ಏಕೆ ಬಿಡಿಯಾಯಿತು?’ ಎಂದು ಕೇಳಿ. ಮೇಲಿನ ಪದರದ ಕೋಶಗಳು ಸವೆದು ಉದುರುತ್ತಿರುತ್ತವೆ, ಕೆಳಗಿನಿಂದ ಹೊಸವು ಬರುತ್ತಿರುತ್ತವೆ ಎಂಬಲ್ಲಿಗೆ ಚರ್ಚೆ ತಲುಪುತ್ತದೆ. ವಿಲ್ಸನ್ ಪ್ರಯೋಗವನ್ನು ಹೇಳಲು ಇದು ಸರಿಯಾದ ಜಾಗ.

ಕಾಲದ ಅಳತೆಗೆ 27 ಮೀಟರ್ ಹಗ್ಗವೊಂದನ್ನು ಆಟದ ಮೈದಾನದಲ್ಲಿ ಹಾಸಿ. ಒಂದು ಮೀಟರಿಗೆ 10 ಕೋಟಿ ವರ್ಷ. ಕೋಲಾರದ ಚಿನ್ನದ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷ ಹಳೆಯದು, ಅದು ಹಗ್ಗದ ಆ ತುದಿ. ಸ್ಪಂಜಿನ ಮುಳ್ಳುಗಳು ಸುಮಾರು 53 ಕೋಟಿ ವರ್ಷ ಹಿಂದಿನ ಶಿಲೆಗಳಲ್ಲಿ ಸಿಕ್ಕಿವೆ, ಅದು ಈ ತುದಿಯಿಂದ ಐದೂಕಾಲು ಮೀಟರಿನಷ್ಟು ದೂರ. ಮನುಷ್ಯ ಜಾತಿಯ 3 ಲಕ್ಷ ವರ್ಷ 3 ಮಿಲಿಮೀಟರ್. ತಮ್ಮ ಕಾಲಡಿಯ ಬಂಡೆ ಹುಟ್ಟಿದಾಗ ಭೂಮಿಯಲ್ಲಿ ಪ್ರಾಣಿಯೇ ಇರಲಿಲ್ಲ ಎಂಬುದು ಮಕ್ಕಳಿಗೆ ನಡೆದೇ ತಿಳಿಯುತ್ತದೆ.

ಹೊರಾಂಗಣ ಚಟುವಟಿಕೆಗೆ ಸಿಹಿನೀರಿನ ಸ್ಪಂಜನ್ನು ಹುಡುಕಬಹುದು. ಸ್ಪಂಜು ಎಂದರೆ ಕಡಲಿನದೇ ಎಂದು ಮಕ್ಕಳು ತಿಳಿದಿರುತ್ತಾರೆ. ಮುಂಬೈನಲ್ಲಿ ಸೇನಾ ವೈದ್ಯರಾಗಿದ್ದ ಎಚ್. ಜೆ. ಕಾರ್ಟರ್ ಅಲ್ಲಿನ ಕೆರೆಕುಂಟೆಗಳ ಸ್ಪಂಜುಗಳ ಬಗ್ಗೆ 1849ರಲ್ಲೇ ಬರೆದರು. ನೆಲ್ಸನ್ ಆನಂಡೇಲ್ 1911ರಲ್ಲಿ ಭಾರತದ ಸಿಹಿನೀರಿನ ಸ್ಪಂಜುಗಳ ಮೇಲೆ ಗ್ರಂಥವನ್ನೇ ಪ್ರಕಟಿಸಿದರು. ಕೆರೆ ಬತ್ತುವ ಮುನ್ನ ಈ ಸ್ಪಂಜುಗಳು ಜೆಮ್ಯೂಲ್ ಎಂಬ ಸಾಸಿವೆಗಿಂತ ಸಣ್ಣ ಗಟ್ಟಿ ಗುಳಿಗೆಗಳನ್ನು ಮಾಡುತ್ತವೆ. ಒಣಗಿದರೂ ಅವು ಸಾಯುವುದಿಲ್ಲ, ನೀರು ಬಂದಾಗ ಮತ್ತೆ ಸ್ಪಂಜಾಗುತ್ತವೆ. ಬೇಸಿಗೆಯಲ್ಲಿ ಒಣಗುವ ನಮ್ಮ ಜಿಲ್ಲೆಯ ಕೆರೆಗಳನ್ನು ಕಂಡ ಮಕ್ಕಳಿಗೆ ಈ ಉಪಾಯದ ಬೆಲೆ ಹೇಳಿಕೊಡಬೇಕಿಲ್ಲ. ಬೇತಮಂಗಲದ ಕೆರೆಗೋ ಊರಿನ ಕುಂಟೆಗೋ ಹೋದಾಗ ದಡದ ಕಲ್ಲು, ಇಟ್ಟಿಗೆ, ಮುಳುಗಿದ ಕೊಂಬೆಗಳ ಅಡಿಭಾಗ ನೋಡಿ. ಹಸಿರು ಅಥವಾ ಬೂದು ಬಣ್ಣದ, ಮುಟ್ಟಿದರೆ ಒರಟಾದ, ಸಣ್ಣ ತೂತುಗಳಿರುವ ಹೊದಿಕೆ ಕಂಡರೆ ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಮಕ್ಕಳನ್ನು ನೀರಿಗಿಳಿಸಬೇಡಿ, ಕಲ್ಲನ್ನು ಶಿಕ್ಷಕರೇ ಎತ್ತಲಿ, ನೋಡಿದ ಮೇಲೆ ಅಲ್ಲಿಯೇ ಇಡಲಿ. ಸಿಗದಿದ್ದರೆ ‘ಸಿಗಲಿಲ್ಲ’ ಎಂದು ದಿನಾಂಕ, ಜಾಗ ಸಹಿತ ಬರೆದುಕೊಳ್ಳುವುದೂ ವಿಜ್ಞಾನದ ಕೆಲಸವೇ.

ಮೌಲ್ಯಮಾಪನಕ್ಕೆ ಒಂದು ಕೋಷ್ಟಕ ಸಾಕು. ಎಡಗಡೆ ಅನುಲೇಪಕದ ನಾಲ್ಕು ಲಕ್ಷಣಗಳು, ಮೇಲೆ ಮೂರು ಹೆಸರುಗಳು: ಕೋಯನೋಫ್ಲಾಜೆಲೇಟ್, ಸ್ಪಂಜು, ಮನುಷ್ಯನ ಕೆನ್ನೆ. ಪ್ರತಿ ಮನೆಯಲ್ಲಿ ಹೌದು, ಇಲ್ಲ, ಕೆಲವರಲ್ಲಿ ಎಂದು ತುಂಬಿಸಿ, ಸ್ಪಂಜಿನ ಸಾಲಿನ ಕೆಳಗೆ ‘ಇದಕ್ಕೆ ಅಂಗಾಂಶ ಇದೆಯೇ?’ ಎಂಬ ಪ್ರಶ್ನೆಗೆ ಎರಡು ವಾಕ್ಯದ ಉತ್ತರ ಬರೆಸಿ. ಅಂಕ ಕೊಡುವಾಗ ಹೌದು ಅಥವಾ ಇಲ್ಲ ಎಂಬುದಕ್ಕೆ ಒಂದು, ಕೊಟ್ಟ ಕಾರಣಕ್ಕೆ ಮೂರು. ಪ್ರಶಿಕ್ಷಣಾರ್ಥಿಗಳು ಈ ಉತ್ತರಪತ್ರಿಕೆಗಳನ್ನು ತಮ್ಮ ಅಭ್ಯಾಸ ಬೋಧನೆಯ ದಾಖಲೆಯಲ್ಲಿ ಲಗತ್ತಿಸಿದರೆ, ಮಕ್ಕಳು ಯಾವ ಲಕ್ಷಣದಲ್ಲಿ ಹೆಚ್ಚು ಎಡವುತ್ತಾರೆ ಎಂಬುದನ್ನು ಮುಂದಿನ ತಂಡದವರು ಪಾಠಕ್ಕೆ ಮುನ್ನವೇ ತಿಳಿದುಕೊಳ್ಳಬಹುದು.